ಪೈರಿನ ಹಸಿರು ಎಲ್ಲಿ ಹೋಯಿತು?

ಮಂಡ್ಯದ ಬಳಿ ನಾಲೆಯ ಏರಿಯ ಮೇಲೆ ನಿಂತು ತೆಗೆದ ಭತ್ತದ ಗದ್ದೆಯ ಫೋಟೊ ಒಂದು ನನ್ನ ಬಳಿ ಇದೆ. ನಾಟಿ ಮಾಡಿ ತಿಂಗಳಾಗಿದ್ದ ಪೈರು. ಮನೆಯ ಕಂಪ್ಯೂಟರಿನಲ್ಲಿ ಆ ಹಸಿರು ಕಣ್ಣಿಗೆ ತಂಪಾಗಿ ಕಾಣುತ್ತಿತ್ತು. ಪ್ರಿಂಟ್ ಹಾಕಿಸಿದಾಗ ಬಂದದ್ದು ನೀರು ಕಾಣದೆ ಸೊರಗಿದ, ಹಳದಿಗೆ ತಿರುಗಿದ ಗದ್ದೆ. ಶಾಯಿಯ ತಪ್ಪು ಎಂದುಕೊಂಡಿದ್ದೆ. ನಿಜಕ್ಕೂ ಆಗಿದ್ದು ಬೇರೆ: ಫೈಲ್ ಸೇವ್ ಮಾಡುವಾಗ ನಾನು ಅದರ ಕಲರ್ ಪ್ರೊಫೈಲ್ ಸೇರಿಸಿರಲಿಲ್ಲ.

ಡಿಜಿಟಲ್ ಚಿತ್ರದೊಳಗೆ ಇರುವುದು ಬರೀ ಅಂಕಿಗಳು. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ, ಸಾಮಾನ್ಯವಾಗಿ 0ಯಿಂದ 255ರವರೆಗೆ. ಹಸಿರು 255 ಎಂದರೆ ಪೂರ್ತಿ ಹಸಿರು, ಸರಿ. ಆದರೆ ಯಾವ ಹಸಿರು? ಒಂದು ಸೇರು ಅಕ್ಕಿ ಎಂದರೆ ಯಾವ ಊರಿನ ಸೇರು ಎಂದು ಕೇಳಬೇಕಾಗಿದ್ದ ಕಾಲವಿತ್ತಲ್ಲ, ಹಾಗೆಯೇ ಇದು. ಪ್ರೊಫೈಲ್ ಹೇಳುವುದು ಆ ಅಳತೆ ಯಾವುದು ಎಂಬುದನ್ನು. 1931ರಲ್ಲಿ ಮನುಷ್ಯರ ಕಣ್ಣಿನ ಪ್ರಯೋಗಗಳ ಆಧಾರದ ಮೇಲೆ ರೂಪಿಸಿದ ಬಣ್ಣದ ನಕ್ಷೆಯಲ್ಲಿ ಈ ಅಂಕಿಗಳ ಜಾಗ ಎಲ್ಲಿ ಎಂದು ಅದು ತೋರಿಸುತ್ತದೆ. 1993ರಲ್ಲಿ ಹಲವು ಕಂಪನಿಗಳು ಸೇರಿ ಕಟ್ಟಿದ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ) ಎಂಬ ಒಕ್ಕೂಟ ಇದಕ್ಕೆ ಎಲ್ಲರೂ ಒಪ್ಪುವ ರೂಪ ಕೊಟ್ಟಿತು.

ಹೆಚ್ಚು ಬಳಕೆಯಲ್ಲಿರುವ ಅಳತೆ ಎಸ್‌ಆರ್‌ಜಿಬಿ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಮುಂದಿಟ್ಟದ್ದು. ಎರಡು ವರ್ಷದ ನಂತರ ಬಂದ ಅಡೋಬಿ ಆರ್‌ಜಿಬಿಯ ಹರವು ಇನ್ನೂ ದೊಡ್ಡದು, ಅಂದರೆ ಅದು ಹೇಳಬಲ್ಲ ಬಣ್ಣಗಳು ಹೆಚ್ಚು. ಈ ಎರಡರಲ್ಲೂ ಶುದ್ಧ ಕೆಂಪು ಒಂದೇ, ಶುದ್ಧ ನೀಲಿ ಒಂದೇ. ಹಸಿರು ಮಾತ್ರ ಬೇರೆ. ಅಳತೆ ಅದಲುಬದಲಾದಾಗ ನನ್ನ ಗದ್ದೆಗೇ ಪೆಟ್ಟು ಬಿದ್ದದ್ದು ಅದಕ್ಕೆ.

ಇಲ್ಲಿ ಒಂದು ಲೆಕ್ಕ ನೋಡಲೇಬೇಕು. ಅಡೋಬಿ ಆರ್‌ಜಿಬಿಯಲ್ಲಿ 100, 150, 50 ಎಂದಿರುವ ಎಲೆಯ ಬಣ್ಣವನ್ನೇ ಎಸ್‌ಆರ್‌ಜಿಬಿಯಲ್ಲಿ ಹೇಳಬೇಕೆಂದರೆ ಅಂಕಿಗಳು ಸುಮಾರು 66, 151, 33 ಆಗಬೇಕು. ಹಸಿರಿನ ಅಳತೆ ಬೇರೆಯಾದ್ದರಿಂದ ಅದರೊಂದಿಗೆ ಬೆರೆಯುವ ಕೆಂಪು, ನೀಲಿಯ ಪ್ರಮಾಣವೂ ಬದಲಾಗುತ್ತದೆ. ನನ್ನ ಫೋಟೊದ ಅಂಕಿಗಳು ಅಡೋಬಿ ಆರ್‌ಜಿಬಿಯವು; ಪ್ರೊಫೈಲ್ ಇಲ್ಲದ ಆ ಫೈಲನ್ನು ಪ್ರಿಂಟಿಂಗ್ ಯಂತ್ರ ಎಸ್‌ಆರ್‌ಜಿಬಿ ಎಂದೇ ಓದಿತು. ಕೆಂಪು 66 ಇರಬೇಕಾದಲ್ಲಿ 100 ಉಳಿಯಿತು. ಹಸಿರಿನೊಳಗೆ ಹೆಚ್ಚುವರಿ ಕೆಂಪು ಬೆರೆತರೆ ಎಲೆ ಹಳದಿಯಾಗದೆ ಇನ್ನೇನಾದೀತು?

ಚಿತ್ರ ತಿದ್ದುವ ಸಾಫ್ಟ್‌ವೇರ್‌ಗಳಾದ ಫೋಟೊಶಾಪ್, ಜಿಂಪ್ ಎರಡರಲ್ಲೂ ಅಸೈನ್, ಕನ್ವರ್ಟ್ ಎಂಬ ಎರಡು ಆಯ್ಕೆಗಳು ಅಕ್ಕಪಕ್ಕದಲ್ಲೇ ಇವೆ. ಬಹಳ ಜನ ಎಡವುವುದು ಇಲ್ಲೇ. ಅಸೈನ್ ಮಾಡಿದರೆ ಅಂಕಿ ಹಾಗೇ ಉಳಿಯುತ್ತದೆ, ಅಳತೆಯ ಹೆಸರು ಬದಲಾಗುತ್ತದೆ, ಆದ್ದರಿಂದ ಕಾಣುವ ಬಣ್ಣವೂ ಬದಲಾಗುತ್ತದೆ. ಕನ್ವರ್ಟ್ ಮಾಡಿದರೆ ಹೊಸ ಅಳತೆಗೆ ತಕ್ಕಂತೆ ಅಂಕಿಗಳು ಬದಲಾಗಿ, ಸಾಧ್ಯವಾದಷ್ಟೂ ಬಣ್ಣ ಉಳಿಯುತ್ತದೆ. ಪ್ರೊಫೈಲ್ ಕಳೆದುಹೋದ ಫೈಲಿಗೆ ಅಸೈನ್ ಬೇಕು, ಬೇರೆಡೆಗೆ ಕಳಿಸುವ ಫೈಲಿಗೆ ಕನ್ವರ್ಟ್ ಬೇಕು.

ಪ್ರೊಫೈಲಿನ ವಿಷಯ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2020ರ ಘಟನೆಯೇ ಸಾಕ್ಷಿ. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಒಂದು ಸರೋವರದ ಸೊಗಸಾದ ಫೋಟೊ. ಅದನ್ನು ವಾಲ್‌ಪೇಪರ್ ಮಾಡಿಕೊಂಡ ಕೆಲವು ಆಂಡ್ರಾಯ್ಡ್ 10 ಫೋನುಗಳು ಮತ್ತೆ ಮತ್ತೆ ಆಫ್ ಆಗಿ ಆನ್ ಆಗತೊಡಗಿದವು. ಆ ಚಿತ್ರದ ಪ್ರೊಫೈಲ್ ಎಸ್‌ಆರ್‌ಜಿಬಿ ಅಲ್ಲ, ಅದಕ್ಕಿಂತ ಬಹಳ ವಿಶಾಲವಾದುದು. ಚಿತ್ರದ ಬೆಳಕಿನ ಪ್ರಮಾಣ ಎಣಿಸುವ ಕೋಡ್ ದಶಾಂಶಗಳನ್ನು ಪೂರ್ಣಾಂಕಕ್ಕೆ ಏರಿಸಿ ಕೂಡಿದಾಗ ಮೊತ್ತ 255ನ್ನು ದಾಟಿತು. ಆ ಮೊತ್ತಗಳನ್ನು ಎಣಿಸಿಡುವ ಪಟ್ಟಿಯಲ್ಲಿ 255ರ ಆಚೆ ಮನೆಯೇ ಇರಲಿಲ್ಲ, ಫೋನು ಕುಸಿಯಿತು. ಛಾಯಾಗ್ರಾಹಕರ ತಪ್ಪು ಅದರಲ್ಲಿ ಏನೂ ಇಲ್ಲ. ಪ್ರೊಫೈಲ್ ಇರುವ ಚಿತ್ರವನ್ನು ಸರಿಯಾಗಿ ನಡೆಸಿಕೊಳ್ಳುವುದು ಸಾಫ್ಟ್‌ವೇರಿನ ಹೊಣೆ.

ನನ್ನ ಗದ್ದೆಗೆ ಮೊದಲು ಅಡೋಬಿ ಆರ್‌ಜಿಬಿ ಅಸೈನ್ ಮಾಡಿ, ಆಮೇಲೆ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಸೇರಿಸಿ ಸೇವ್ ಮಾಡಿದೆ. ಅದೇ ಯಂತ್ರದಲ್ಲಿ ಎರಡನೇ ಪ್ರಿಂಟ್ ಹಾಕಿಸಿದೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಿದ್ದೇನೆ; ಒಂದರಲ್ಲಿ ಪೈರಿಗೆ ನೀರು ಬಂದಿದೆ.