ಅಂಚು ಬಿಟ್ಟು ಒಂದು ತೋಳಿನಷ್ಟು ಒಳಗೆ

ಹೋದ ತಿಂಗಳು ಶಾಲಾ ಶಿಕ್ಷಕಿಯೊಬ್ಬರು ತಮ್ಮ ಹೈಬ್ರಿಡ್ ಸೈಕಲ್ ತಳ್ಳಿಕೊಂಡು ಮೈಸೂರಿನ ನನ್ನ ಅಂಗಡಿಗೆ ಬಂದರು. ಮೊಣಕೈಗೆ ಪಟ್ಟಿ ಸುತ್ತಿತ್ತು. "ಗೇರ್ ಸರಿಯಾಗಿ ಬೀಳ್ತಿಲ್ಲ, ಸ್ವಲ್ಪ ನೋಡಿ" ಅಂದರು. ಸ್ಟ್ಯಾಂಡಿಗೆ ಏರಿಸಿ ಮುಂದಿನ ಚಕ್ರ ತಿರುಗಿಸಿದೆ. ಟಯರಿನ ಬಲ ಮಗ್ಗುಲು ಒಂದು ಗೇಣುದ್ದ ಉಜ್ಜಿ ಒಳಗಿನ ನೂಲು ಕಾಣುತ್ತಿತ್ತು. ಬಲಗಡೆ ಗ್ರಿಪ್ಪಿನ ತುದಿ ಹರಿದಿತ್ತು, ಬಲ ಪೆಡಲ್ ತರಚಿತ್ತು, ಗೇರ್ ಬದಲಿಸುವಾಗ ಚೈನನ್ನು ಸರಿಸುವ ಹಿಂದಿನ ಡಿರೇಲರ್ ಒಳಕ್ಕೆ ಬಾಗಿತ್ತು. ಎಡಗಡೆ ಒಂದು ಗೀರೂ ಇಲ್ಲ.

"ಟಾರಿನಿಂದ ಮಣ್ಣಿಗೆ ಇಳಿದು, ವಾಪಸ್ ಹತ್ತೋಕೆ ಹೋಗಿ ಬಿದ್ರಾ ಮೇಡಂ?"

"ಹೌದು! ನಿಮಗೆ ಹೇಗೆ ಗೊತ್ತಾಯ್ತು? ಹಿಂದೆ ಟಿಪ್ಪರ್ ಹಾರ್ನ್ ಹೊಡೆದ. ಯಾರಿಗೂ ತೊಂದ್ರೆ ಬೇಡ ಅಂತ ನಾನು ಯಾವಾಗ್ಲೂ ಅಂಚಲ್ಲೇ ಹೋಗೋದು."

ಇದೇ ಗುರುತುಗಳಿರುವ ಸೈಕಲ್‌ಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ತೀರಾ ಎಡಕ್ಕೆ ಅಂಟಿಕೊಂಡು ಹೋಗುವವರು ಎಡಕ್ಕೆ ಬೀಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅವರು ಬೀಳುವುದು ಬಲಕ್ಕೆ, ಅಂದರೆ ಹಿಂದಿನಿಂದ ಬರುವ ಗಾಡಿಯ ಮುಂದಕ್ಕೆ.

ಕಾರಣ ಸರಳ. ನಾವು ವಾಲಿದ ಕಡೆಗೆ ಮುಂದಿನ ಚಕ್ರ ತಿರುಗಿ ನಮ್ಮ ಭಾರದ ಕೆಳಗೆ ಬಂದು ನಿಲ್ಲುವುದರಿಂದಲೇ ಸೈಕಲ್ ಬೀಳದೆ ಓಡುತ್ತದೆ. ಒಮ್ಮೆ ಹಾಕಿದ ಟಾರಿನ ಮೇಲೆ ಮತ್ತೆ ಟಾರು ಹಾಕಿ ಹಾಕಿ ನಮ್ಮ ರಸ್ತೆಗಳ ಅಂಚು ಎರಡು ಮೂರು ಇಂಚು ಎತ್ತರವಾಗಿರುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಇನ್ನಷ್ಟು ಕೆಳಗಿರುತ್ತದೆ. ಚಕ್ರ ಆ ಕೆಳಕ್ಕೆ ಇಳಿದ ಮೇಲೆ ಹತ್ತಬೇಕೆಂದು ಮೈ ಬಲಕ್ಕೆ ವಾಲುತ್ತದೆ, ಆದರೆ ಚಕ್ರ ಬಲಕ್ಕೆ ತಿರುಗಲು ಟಾರಿನ ಗೋಡೆ ಬಿಡುವುದಿಲ್ಲ. ಮೈ ರಸ್ತೆಯ ಕಡೆಗೆ ಹೋಗುತ್ತದೆ, ಚಕ್ರ ಅಲ್ಲೇ ಉಳಿಯುತ್ತದೆ. ಟಯರಿನ ಬಲ ಮಗ್ಗುಲು ಉಜ್ಜಿರುವುದು ಆ ಗೋಡೆಗೆ.

ಹಾಗೆ ಇಳಿದುಬಿಟ್ಟರೆ ತಕ್ಷಣ ಹತ್ತಲು ಹೋಗಬೇಡಿ. ಮಣ್ಣಿನಲ್ಲೇ ನೇರ ಹೋಗುತ್ತಾ ವೇಗ ಇಳಿಸಿ, ನಿಂತು, ಹಿಂದೆ ನೋಡಿ, ಸೈಕಲ್ಲನ್ನು ಎತ್ತಿ ಮೇಲಿಡಿ. ಹತ್ತು ಸೆಕೆಂಡಿನ ಕೆಲಸ. ಇಳಿಯುವ ಪ್ರಸಂಗವೇ ಬರಬಾರದೆಂದರೆ ಅಂಚಿನಿಂದ ಒಂದು ತೋಳಿನಷ್ಟು, ಅಂದಾಜು ಮೂರು ಅಡಿ, ಒಳಗೆ ಸೈಕಲ್ ಹೊಡೆಯಿರಿ. ಗಾಜಿನ ಚೂರು, ಜಲ್ಲಿ, ಚರಂಡಿಯ ಕಬ್ಬಿಣದ ಜಾಲರಿ ಎಲ್ಲ ಸೇರುವುದು ಅಂಚಿನಲ್ಲಿ. ಹಂಪು ತಪ್ಪಿಸಲು ಬೈಕುಗಳು ನುಗ್ಗುವುದೂ ಅಲ್ಲೇ. ಮೂರು ಅಡಿ ಒಳಗಿದ್ದರೆ ಗುಂಡಿ ಬಂದಾಗ ಎಡಕ್ಕೆ ಸರಿಯಲು ಜಾಗ ಇರುತ್ತದೆ. ಅಂಚಿನಲ್ಲಿದ್ದರೆ ಇರುವ ಒಂದೇ ದಾರಿ ಬಲಕ್ಕೆ.

ಪೇಟೆಯಲ್ಲಿ ಅಂಚು ಎಂದರೆ ನಿಂತ ಕಾರುಗಳ ಸಾಲು. ದೇವರಾಜ ಅರಸು ರಸ್ತೆಯಲ್ಲಿ ಹೋಗುವಾಗ ಕಾರಿನ ಬಾಗಿಲು ಪೂರ್ತಿ ತೆರೆದರೂ ತಾಗದಷ್ಟು ದೂರ ಇಟ್ಟುಕೊಳ್ಳಿ. ನಿಂತ ಬಸ್ಸಿಗೂ ಸ್ಟಾಪಿಗೂ ನಡುವಿನ ಸಂದಿಯಲ್ಲಿ ನುಗ್ಗಲೇಬೇಡಿ. ಇಳಿಯುವ ಅಜ್ಜಿಗೆ ನೀವು ಕಾಣುವುದಿಲ್ಲ, ಚಾಲಕರ ಕನ್ನಡಿಗೂ ಕಾಣುವುದಿಲ್ಲ.

ಟಯರಿನ ಮಾತೂ ಇದಕ್ಕೇ ಸೇರಿದ್ದು. ಹೊಸದಾಗಿ ಶುರು ಮಾಡುವವರು ರೇಸಿನವರನ್ನು ನೋಡಿ 23 ಅಥವಾ 25 ಮಿಲಿಮೀಟರಿನ ಸಣ್ಣ ಟಯರ್ ಕೇಳುತ್ತಾರೆ. ದಿನಾ ಆಫೀಸಿಗೆ, ಕಾಲೇಜಿಗೆ ಹೋಗುವವರಿಗೆ ನಾನು 32 ಅಥವಾ 35 ಹಾಕಿಕೊಡುತ್ತೇನೆ, ಫ್ರೇಮಿನಲ್ಲಿ ಜಾಗ ಇದ್ದರೆ. ಸಣ್ಣ ಟಯರಿನವರು ಪ್ರತಿ ಬಿರುಕಿಗೂ ಹೆದರಿ ಅತ್ತಿತ್ತ ಹೊರಳುತ್ತಾರೆ. ಅಗಲ ಟಯರಿನವರು ನೇರ ಹೋಗುತ್ತಾರೆ, ಹಿಂದಿನ ಗಾಡಿಯವನಿಗೆ ಅವರ ದಾರಿ ಅಂದಾಜಾಗುತ್ತದೆ. ಗಾಳಿಯನ್ನು ಕಲ್ಲಿನಂತೆ ತುಂಬಿಸುವ ಚಾಳಿಯನ್ನೂ ಬಿಡಬೇಕು. ಸುಮಾರು 70 ಕೆ.ಜಿ. ತೂಕದವರಿಗೆ 32ರ ಟಯರಿನಲ್ಲಿ ಮುಂದಕ್ಕೆ 50, ಹಿಂದಕ್ಕೆ 60 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಸಾಕು; ಹಿಂದಿನ ಚಕ್ರ ಹೆಚ್ಚು ಭಾರ ಹೊರುತ್ತದೆ. ತೀರಾ ಕಡಿಮೆಯೂ ಆಗಬಾರದು. ಪಂಕ್ಚರ್ ಆದ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ. ಗಾಳಿ ಕಡಿಮೆಯಾಗಿ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕತ್ತರಿಸಿದೆ.

ಮನೆಯಲ್ಲಿ ಹಳೆಯ 28 ಇಂಚಿನ ಕರಿ ಸೈಕಲ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅಗಲ ಟಯರು, ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರು, ಡಬಲ್ ಸ್ಟ್ಯಾಂಡು, ಬೆಲ್ಲು ಎಲ್ಲ ಅದರಲ್ಲೇ ಇದೆ. ಹೊಸ ಸೈಕಲ್ಲಿಗೆ ಇವನ್ನೆಲ್ಲ ಒಂದೊಂದಾಗಿ ಕೊಂಡು ಹಾಕಿಸಬೇಕು. ನಮ್ಮ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್‌ಗಳಲ್ಲೂ ಬೇಕಾದಷ್ಟು ಇನ್ನೂ ಗಟ್ಟಿಯಾಗಿವೆ. ಬೇರಿಂಗು, ಬ್ರೇಕ್ ರಬ್ಬರು ಬದಲಿಸಿದರೆ ಓಡುತ್ತವೆ. ಒಂದೇ ಎಚ್ಚರಿಕೆ: ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೇ ಇಲ್ಲ ಎನ್ನಬಹುದು. ಮಳೆಯಲ್ಲಿ ಮುಂಚೆಯೇ ಹಗುರಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಿ, ಆಮೇಲೆ ಗಟ್ಟಿಯಾಗಿ ಹಿಡಿಯಿರಿ.

ಎದುರು ದಿಕ್ಕಿನಲ್ಲಿ ಬರುವವರ ಬಗ್ಗೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಎಲ್ಲರೂ ಸರ್ವಿಸ್ ರಸ್ತೆಗೇ ಬಂದಿದ್ದಾರೆ. ಸುತ್ತಿ ಬರುವುದು ಬೇಡವೆಂದು ಅಲ್ಲಿ ರಾಂಗ್ ಸೈಡಿನಲ್ಲಿ ಸೈಕಲ್ ಹೊಡೆಯುವವರನ್ನು ಕಾಣುತ್ತೇನೆ. ಲೆಕ್ಕ ಹಾಕಿ ನೋಡಿ. ನೀವು ಗಂಟೆಗೆ 20 ಕಿ.ಮೀ., ಬೈಕು 40. ಒಂದೇ ದಿಕ್ಕಿನಲ್ಲಿದ್ದರೆ ಅವನು ನಿಮ್ಮನ್ನು ಸಮೀಪಿಸುವುದು 20ರಲ್ಲಿ, ಎದುರುಬದುರಾದರೆ 60ರಲ್ಲಿ. ಪಕ್ಕದ ಊರಿನ ದಾರಿಯಿಂದ ರಸ್ತೆಗೆ ಬರುವವನು ನೋಡುವುದೂ ಬಲಕ್ಕೆ ಮಾತ್ರ. ಎಡದಿಂದ ಸೈಕಲ್ ಬರಬಹುದೆಂದು ಅವನ ತಲೆಯಲ್ಲೇ ಇರುವುದಿಲ್ಲ.

ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಿಂದಿನ ದೀಪವಿಲ್ಲದ ಟ್ರೇಲರುಗಳು ಕತ್ತಲಲ್ಲಿ ಸಾಲಾಗಿ ಹೋಗುತ್ತವೆ. ಜಲ್ಲೆಗಳು ಮೂರು ಅಡಿ ಹೊರಗೆ ಚಾಚಿರುತ್ತವೆ. ಅವುಗಳ ಹಿಂದೆ ಗಾಳಿಯ ಮರೆಯಲ್ಲಿ ಹೋಗುವ ಆಸೆ ಬೇಡ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳಲ್ಲಿ ಹುರುಳಿ, ರಾಗಿ ಒಕ್ಕಣೆಗೆ ಹಾಸಿರುತ್ತಾರೆ. ಹುಲ್ಲಿನ ಮೇಲೆ ಟಯರು ಜಾರುತ್ತದೆ, ಹುರುಳಿ ಬಳ್ಳಿ ಡಿರೇಲರಿಗೆ ಸುತ್ತಿಕೊಂಡರೆ ಚಕ್ರವೇ ನಿಂತುಬಿಡುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಕಣವಿಲ್ಲದ ರೈತರೊಂದಿಗೆ ಜಗಳ ಬೇಡ, ನಾಲ್ಕು ಹೆಜ್ಜೆ ನಡೆದರಾಯಿತು.

ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಒಮ್ಮೆ ನೆಲಕ್ಕೆ ಜೋರಾಗಿ ತಾಗಿದರೆ ಹೊರಗೆ ಬಿರುಕು ಕಾಣದಿದ್ದರೂ ಹೊಸದು ಕೊಳ್ಳಬೇಕು. ಮುಂದಿನ ದೀಪವನ್ನು ನೆಲದತ್ತ ಬಾಗಿಸಿ. ಎದುರಿನಿಂದ ನಡೆದು ಬರುವವರ ಕಣ್ಣಿಗೆ ಹೊಡೆಯುವ ದೀಪದಿಂದ ನಿಮಗೂ ಉಪಯೋಗವಿಲ್ಲ. ಭಾನುವಾರ ಗುಂಪಿನಲ್ಲಿ ಹೋಗುವವರು ಮುಂದಿನ ಗುಂಡಿಯನ್ನು ಕೈ ತೋರಿಸಿ ಹಿಂದಿನವರಿಗೆ ತಿಳಿಸಿ, ಗಾಡಿ ಬಂದರೆ ಒಬ್ಬರ ಹಿಂದೆ ಒಬ್ಬರಾಗಿ.

ಮೇಡಂ ಸೈಕಲ್ಲಿನ ಗೇರಿಗೆ ವಾಪಸ್ ಬರುತ್ತೇನೆ. ಬಲಕ್ಕೆ ಬಿದ್ದಾಗ ಡಿರೇಲರ್ ಹಿಡಿದಿರುವ ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡು ಬಾಗುತ್ತದೆ. ಫ್ರೇಮಿಗೆ ಏಟು ಬೀಳಬಾರದೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅದನ್ನು ನೋಡಿಕೊಳ್ಳದೆ ದಿಬ್ಬ ಹತ್ತುವಾಗ ಅತಿ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಹಿಂದಿನ ಚಕ್ರದ ಕಡ್ಡಿಗಳ ಒಳಗೇ ಹೋಗುತ್ತದೆ. ಆಮೇಲೆ ಚಕ್ರವೂ ಇಲ್ಲ, ಗೇರೂ ಇಲ್ಲ. ಬಲಕ್ಕೆ ಬಿದ್ದ ಸೈಕಲ್ಲನ್ನು ಹಿಂದಿನಿಂದ ನೋಡಿ. ಡಿರೇಲರಿನ ಎರಡು ಸಣ್ಣ ಗಾಲಿಗಳು ಹಲ್ಲುಚಕ್ರದ ನೇರಕ್ಕೆ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಬನ್ನಿ.

ಹ್ಯಾಂಗರ್ ಬದಲಿಸಿ, 35ರ ಟಯರ್ ಹಾಕಿ ಕೊಟ್ಟೆ. ಅವರು ಹೊರಡುವಾಗ ಕೇಳಿದರು: "ಮೂರಡಿ ಒಳಗೆ ಹೋಗ್ತೀನಿ ಸರಿ, ಆದ್ರೆ ಹಿಂದೆ ಟಿಪ್ಪರ್‌ನವನು ಹಾರ್ನ್ ಹೊಡೆದ್ರೆ?"

"ಹಾರ್ನ್ ಹೊಡೆದ ಅಂದ್ರೆ ಅವನು ನಿಮ್ಮನ್ನ ನೋಡಿದಾನೆ ಮೇಡಂ. ಗಾಬರಿಯಾಗಿ ಅಂಚಿಗೆ ಹೋಗ್ಬೇಡಿ. ನೇರ ಹೋಗ್ತಾ ಇರಿ, ಬಲ ಭುಜದ ಮೇಲಿಂದ ಒಂದ್ಸಲ ತಿರುಗಿ ನೋಡಿ. ಅಗಲವಾದ ಜಾಗ ಬಂದಾಗ ನೀವಾಗೇ ಎಡಕ್ಕೆ ಸರಿದು, ಕೈ ಬೀಸಿ ಅವನನ್ನ ಮುಂದೆ ಕಳಿಸಿ."