ಇಮ್ಯೂನಿಟಿ ಕಡಿಮೆ ಇದೆ, ಮನೆಯ ನಾಯಿ ಬೆಕ್ಕನ್ನು ಏನು ಮಾಡಲಿ?

ಕಳೆದ ಮಳೆಗಾಲದಲ್ಲಿ ಅರಕಲಗೂಡು ಕಡೆಯ ಒಬ್ಬ ತಾಯಿ ಹಾಸನದ ನನ್ನ ಪಶುವೈದ್ಯ ಕ್ಲಿನಿಕ್‌ಗೆ ಬಂದರು. ಮುಖಕ್ಕೆ ಮಾಸ್ಕ್. ಜೊತೆಗೆ ಮಗ, ಮಗನ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕರಿಯ. ಆರು ವರ್ಷದ ನಾಟಿ ನಾಯಿ, ಗಟ್ಟಿಮುಟ್ಟಾಗಿದ್ದ. "ಡಾಕ್ಟ್ರೇ, ಇವನನ್ನ ಯಾರಾದ್ರೂ ಒಳ್ಳೆಯವರಿಗೆ ಕೊಟ್ಬಿಡಿ" ಎಂದರು. ನಾಲ್ಕು ತಿಂಗಳ ಹಿಂದೆ ಅವರಿಗೆ ಕಿಡ್ನಿ ಕಸಿ ಆಗಿತ್ತು. ಅಣ್ಣ ಕೊಟ್ಟ ಕಿಡ್ನಿ. ನೋಡಲು ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದ್ದರು: ನಾಯಿ ಇದ್ದರೆ ಇನ್ಫೆಕ್ಷನ್ ಗ್ಯಾರಂಟಿ. ಇಷ್ಟು ಹೇಳುವಾಗಲೂ ಅವರ ಬೆರಳು ಕರಿಯನ ಕಿವಿಯ ಹಿಂದೆ ತುರಿಸುತ್ತಲೇ ಇತ್ತು.

ಕೊಡಬೇಡಿ ಎಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಇಮ್ಯೂನಿಟಿ ತಗ್ಗಿರುವವರು ಸಾಕುಪ್ರಾಣಿಯನ್ನು ಬಿಡಬೇಕಾದ ಸಂದರ್ಭ ಬಹಳ ಕಡಿಮೆ. ಬಿಡಬೇಕಾದ್ದು ಕೆಲವು ಕೆಲಸಗಳನ್ನು. ಯಾವ ಕೆಲಸ ನಿಮ್ಮದು, ಯಾವುದು ಮನೆಯ ಬೇರೆಯವರದು ಅಂತ ಒಮ್ಮೆ ಹಂಚಿಕೊಂಡರೆ ಮುಕ್ಕಾಲು ಪಾಲು ಅಪಾಯ ಅಲ್ಲೇ ಇಳಿಯುತ್ತದೆ.

ಇಮ್ಯೂನಿಟಿ ತಗ್ಗಿರುವವರು ಅಂದರೆ ಯಾರು? ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್‌ಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಎಚ್‌ಐವಿ ಇರುವವರು ಎಂದು ಎಲ್ಲರಿಗೂ ಹೊಳೆಯುತ್ತದೆ. ಆದರೆ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಅವರಿಗಿಂತ ಜಾಸ್ತಿ "ವಾತದ ಮಾತ್ರೆ" ನುಂಗುವವರು. ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಚರ್ಮಕ್ಕೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್. ಇವೂ ಇಮ್ಯೂನಿಟಿಯನ್ನು ತಗ್ಗಿಸುತ್ತವೆ. ಸ್ಪ್ಲೀನ್ (ಗುಲ್ಮ) ತೆಗೆಸಿಕೊಂಡವರೂ ಇದೇ ಸಾಲಿಗೆ ಸೇರುತ್ತಾರೆ. ಇವರಲ್ಲಿ ಎಷ್ಟೋ ಜನಕ್ಕೆ ತಮ್ಮ ಮೈ ಸೋಂಕಿಗೆ ಬೇಗ ಸೋಲುತ್ತದೆ ಎಂಬುದೇ ಗೊತ್ತಿರುವುದಿಲ್ಲ.

ಅದನ್ನು ಕೇಳದೆ ನಾನೇ ಒಂದು ತಪ್ಪು ಮಾಡಿದ್ದೇನೆ. ವರ್ಷಗಳ ಹಿಂದೆ ಕ್ಲಿನಿಕ್ ಬಾಗಿಲಲ್ಲಿ ಯಾರೋ ಎರಡು ತಿಂಗಳ ಬೆಕ್ಕಿನ ಮರಿ ಬಿಟ್ಟುಹೋಗಿದ್ದರು. ಒಬ್ಬ ಟೀಚರ್ ಸಾಕುತ್ತೇನೆ ಎಂದರು. ಅವರ ಬೆರಳ ಗೆಣ್ಣುಗಳು ಊದಿದ್ದು ಕಣ್ಣಿಗೆ ಬಿತ್ತು, ಆದರೂ ಏನೂ ಕೇಳಲಿಲ್ಲ. ಖುಷಿಯಿಂದ ಮರಿ ಕೊಟ್ಟು ಕಳಿಸಿದೆ. ಮೂರು ವಾರಕ್ಕೆ ಅವರಿಗೆ ಜ್ವರ ಬಂತು, ಕಂಕುಳಲ್ಲಿ ನಿಂಬೆಹಣ್ಣಿನ ಗಾತ್ರದ ಗೆಡ್ಡೆ. ಬೆಕ್ಕು ಪರಚಿ ಬರುವ ಜ್ವರ ಅದು. ಅವರು ಮೆಥೊಟ್ರೆಕ್ಸೇಟ್ ಮೇಲಿದ್ದರು. ಗುಣವಾದರು ನಿಜ, ಆದರೆ ತಿಂಗಳುಗಟ್ಟಲೆ ಬಳಲಿದರು. ಆ ಒಂದು ಪ್ರಶ್ನೆ ನಾನು ಕೇಳಬೇಕಿತ್ತು. ಅಂದಿನಿಂದ ಪ್ರಾಣಿಯ ಚೀಟಿಯ ಮೇಲ್ಭಾಗದಲ್ಲೇ ಬರೆದುಕೊಳ್ಳುತ್ತೇನೆ: ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಔಷಧಿ ಇದೆಯಾ?

ಆ ಜ್ವರದ ಬ್ಯಾಕ್ಟೀರಿಯ ಬಾರ್ಟೊನೆಲ್ಲ. ಬೆಕ್ಕಿನಿಂದ ಬೆಕ್ಕಿಗೆ ಅದನ್ನು ಹಬ್ಬಿಸುವುದು ಚಿಗಟ. ಚಿಗಟದ ಹಿಕ್ಕೆ ಉಗುರಿನ ಸಂದಿಗೆ ಸೇರುತ್ತದೆ, ಪರಚಿದಾಗ ನಮ್ಮ ಚರ್ಮದೊಳಗೆ ಇಳಿಯುತ್ತದೆ. ಹಾಗಾಗಿ ಚಿಗಟ ಇಲ್ಲದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹೇನಿನ ಹಣಿಗೆಯಿಂದ ಬೆಕ್ಕಿನ ಬಾಲದ ಬುಡ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಮಣ್ಣಾದರೆ ಮಣ್ಣಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಪು ಹರಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಬಾಚುವ ಕೆಲಸ ಮಾತ್ರ ಮನೆಯ ಬೇರೆಯವರದು. ಬೆಕ್ಕಿನ ಮರಿಗಳಲ್ಲೇ ಈ ಬ್ಯಾಕ್ಟೀರಿಯ ಹೆಚ್ಚು, ಪರಚುವುದೂ ಅವೇ ಹೆಚ್ಚು. ಹೊಸದಾಗಿ ಸಾಕುವುದಿದ್ದರೆ ಒಂದು ವರ್ಷ ದಾಟಿದ, ಶಾಂತ ಸ್ವಭಾವದ ಬೆಕ್ಕನ್ನು ಆರಿಸಿ.

ಬೆಕ್ಕಿನ ವಿಷಯದಲ್ಲಿ ಜನ ಹೆಚ್ಚು ಹೆದರುವುದು ಟಾಕ್ಸೋಪ್ಲಾಸ್ಮಕ್ಕೆ. ಹೆದರಿಕೆಗೆ ಕಾರಣ ಇದೆ, ಇಮ್ಯೂನಿಟಿ ಕುಸಿದವರಲ್ಲಿ ಅದು ಮೆದುಳಿಗೂ ಹೋಗಬಹುದು. ಆದರೆ ಅದು ಹೇಗೆ ಬರುತ್ತದೆ ಎಂದು ನೋಡಿದರೆ ಬೆಕ್ಕಿನ ಮೇಲಿನ ಆರೋಪ ಅರ್ಧ ಇಳಿಯುತ್ತದೆ. ಬೆಕ್ಕು ಈ ಪರೋಪಜೀವಿಯನ್ನು ಮಲದಲ್ಲಿ ಹಾಕುವುದು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರ. ಆ ಮಲ ಕೂಡ ಬಿದ್ದ ತಕ್ಷಣ ಸೋಂಕು ತರುವುದಿಲ್ಲ, ಅದಕ್ಕೆ ಕನಿಷ್ಠ ಒಂದು ದಿನ ಬೇಕು. ದಿನಾ ತೆಗೆಯಿರಿ ಎಂದು ನಾವು ಹೇಳುವುದು ಇದಕ್ಕೇ. ತೆಗೆಯುವವರು ನೀವಾಗಬಾರದು. ಮನೆಯಲ್ಲಿ ನೀವೊಬ್ಬರೇ ಇದ್ದರೆ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನಮ್ಮ ಕಡೆ ಬೆಕ್ಕಿನ ಮಲಕ್ಕೆ ಟ್ರೇ ಇಡುವ ಮನೆಗಳು ಎಷ್ಟಿವೆ ಹೇಳಿ? ಬೆಕ್ಕು ಹೋಗುವುದು ಪಕ್ಕದ ಸೈಟಿನ ಮರಳ ರಾಶಿಗೆ, ಬೂದಿ ಗುಂಡಿಗೆ, ನೀವೇ ನೀರು ಹಾಕುವ ಗುಲಾಬಿ ಕುಂಡಕ್ಕೆ. ನಿಜವಾದ ಅಪಾಯ ಅಲ್ಲಿದೆ. ತೇವದ ಮಣ್ಣಿನಲ್ಲಿ ಅದು ವರ್ಷದ ಮೇಲೂ ಬದುಕುತ್ತದೆ, ಮಲೆನಾಡಿನಲ್ಲಿ ತೇವಕ್ಕೆ ಕೊರತೆಯೇ? ಮರಳಿಗೆ ಟಾರ್ಪಾಲಿನ್ ಮುಚ್ಚಿ. ಗಿಡದ ಬುಡ ಕೆದಕುವಾಗ ಗ್ಲೌಸ್ ಬೇಕೇ ಬೇಕು. ಮಣ್ಣು ಮೆತ್ತಿದ ಆಲೂಗಡ್ಡೆ ಚೀಲ ಸುರಿದು ಆರಿಸುವ ಕೆಲಸವನ್ನೂ ಬೇರೆಯವರಿಗೆ ಬಿಡಿ. ಕೊತ್ತಂಬರಿ, ಪುದೀನ ಹಸಿಯಾಗಿ ಹಾಕುವುದಿದ್ದರೆ ನಾಲ್ಕು ನೀರಲ್ಲಿ ತೊಳೆಯಿರಿ. ಹಂದಿ, ಕುರಿ ಮಾಂಸ ಪೂರ್ತಿ ಬೇಯಲಿ. ಬೆಕ್ಕು ಇಲ್ಲದ ಮನೆಯಲ್ಲೂ ಟಾಕ್ಸೋಪ್ಲಾಸ್ಮ ಬರುವುದು ಈ ದಾರಿಗಳಿಂದಲೇ. ಇನ್ನೊಂದು ವಿಷಯ. ಅದು ಒಮ್ಮೆ ಮೈ ಸೇರಿದರೆ ಒಳಗೇ ಸುಮ್ಮನೆ ಮಲಗಿರುತ್ತದೆ, ಇಮ್ಯೂನಿಟಿ ತಗ್ಗಿದಾಗ ಏಳುತ್ತದೆ. ಹಿಂದೆಯೇ ಸೋಂಕು ಆಗಿದೆಯೇ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆಗಿದ್ದರೆ ಬೆಕ್ಕನ್ನು ಹೊರಗೆ ಅಟ್ಟಿ ಏನೂ ಲಾಭವಿಲ್ಲ, ನಿಮ್ಮ ಡಾಕ್ಟರ್ ಕೊಡುವ ಮಾತ್ರೆ ತಪ್ಪದೆ ನುಂಗಬೇಕು.

ನಾಯಿಗೆ ಬರೋಣ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಈ ನಂಬಿಕೆಯನ್ನು ದಯವಿಟ್ಟು ಬಿಡಿ. ಆರೋಗ್ಯವಂತ ನಾಯಿಯ ಬಾಯಲ್ಲೂ ಕ್ಯಾಪ್ನೋಸೈಟೋಫಾಗ ಎಂಬ ಬ್ಯಾಕ್ಟೀರಿಯ ಇರುತ್ತದೆ. ಸ್ಪ್ಲೀನ್ ಇಲ್ಲದವರ ರಕ್ತಕ್ಕೆ ಅದು ಸೇರಿದರೆ ಒಂದೆರಡು ದಿನದಲ್ಲೇ ಜೀವಕ್ಕೇ ಅಪಾಯ ಬರಬಹುದು. ಡಯಾಲಿಸಿಸ್ ಆದ ಕೈ, ಡ್ರಿಪ್ ಹಾಕಿದ ಜಾಗ, ಒಡೆದ ಹಿಮ್ಮಡಿ, ಬಾಯಿ ಇವುಗಳ ಹತ್ತಿರ ನಾಯಿಯ ನಾಲಿಗೆ ಬರಬಾರದು. ತಲೆ ಸವರಿ, ಪಕ್ಕದಲ್ಲಿ ಕೂರಿಸಿಕೊಳ್ಳಿ, ಆಮೇಲೆ ಕೈ ತೊಳೆಯಿರಿ. ಭೇದಿ ಆಗುತ್ತಿರುವ ಮರಿಯನ್ನು ಮಾತ್ರ ಮುಟ್ಟಲೇಬೇಡಿ.

ಎಸ್ಟೇಟ್ ನಾಯಿಗಳದ್ದು ಬೇರೆಯೇ ಕಥೆ. ಕಾಫಿ ಗಿಡದ ಸಾಲಲ್ಲಿ ಓಡಿ, ಇಲಿ ಹಿಡಿದು, ಗದ್ದೆ ನೀರು ಕುಡಿದು ಬರುತ್ತವೆ. ಇಲಿ ಜ್ವರ ನಾಯಿಗೂ ಬರುತ್ತದೆ, ಅದರ ಮೂತ್ರದಿಂದ ನಮಗೂ ದಾಟುತ್ತದೆ. ನಾಯಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಲ್ಲಿ ಲೆಪ್ಟೊಸ್ಪೈರಾ (ಇಲಿ ಜ್ವರದ ಬ್ಯಾಕ್ಟೀರಿಯ) ವಿರುದ್ಧದ್ದೂ ಇದೆಯೇ ಎಂದು ಕೇಳಿ ಹಾಕಿಸಿ. ನಾಯಿಯ ಮೈಗೆ ಕಚ್ಚಿಕೊಂಡ ಉಣ್ಣೆಯನ್ನು (ರಕ್ತ ಹೀರುವ ಹುಳ) ಬೆರಳಲ್ಲಿ ಹಿಚುಕಬೇಡಿ. ಉಣ್ಣೆಯ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. ಚಿಕ್ಕಮಗಳೂರಿನ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿಗೆ ಹೋಗಿಬಂದ ನಾಯಿಯನ್ನು ನೇರ ಮಂಚದ ಹತ್ತಿರ ಬಿಟ್ಟುಕೊಳ್ಳಬೇಡಿ. ಬೇರೆಯವರು ಮೈ ನೋಡಿ, ಉಣ್ಣೆ ತೆಗೆದ ಮೇಲೆ ಒಳಗೆ ಬರಲಿ.

ಹಾಸನದಲ್ಲಿ ಈ ಮಾತು ನಾಯಿ ಬೆಕ್ಕಿಗೆ ನಿಲ್ಲುವುದಿಲ್ಲ. ಕೊಟ್ಟಿಗೆ ಇದೆ ಅಲ್ವಾ? ನಿಜ ಹೇಳಬೇಕೆಂದರೆ ನನಗೆ ಕರಿಯನಿಗಿಂತ ಕೊಟ್ಟಿಗೆಯ ಚಿಂತೆಯೇ ಜಾಸ್ತಿ. ಹಸು ಕಂದು ಹಾಕಿತು ಎನ್ನಿ, ಅಥವಾ ಕರು ಹಾಕಿದ ಮೇಲೆ ಸತ್ತೆ (ಮಾಸು) ಬೀಳದೆ ನಿಂತಿದೆ ಎನ್ನಿ. ಆಗ ಮನೆಯ ಹೆಂಗಸರು ಬರಿಗೈಯಲ್ಲಿ ಅದನ್ನು ಎಳೆದು, ಎತ್ತಿ ಗುಂಡಿಗೆ ಹಾಕುತ್ತಾರೆ. ಹಸು ಕಂದು ಹಾಕುವಂತೆ ಮಾಡುವ, ಮನುಷ್ಯರಿಗೂ ತಗಲುವ ಬ್ರುಸೆಲ್ಲ ಬ್ಯಾಕ್ಟೀರಿಯ ಇದ್ದರೆ ಆ ಸತ್ತೆಯಲ್ಲಿ, ಜೊತೆಗೆ ಬರುವ ನೀರಿನಲ್ಲಿ ಅದು ತುಂಬಿರುತ್ತದೆ. ಇಮ್ಯೂನಿಟಿ ತಗ್ಗಿದವರು ಆ ದಿನ ಕೊಟ್ಟಿಗೆಗೆ ಕಾಲಿಡಬಾರದು. ಆಡು, ಕುರಿ ಮರಿ ಹಾಕುವಾಗಲೂ ಅಷ್ಟೇ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಬ್ರುಸೆಲ್ಲ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯ ಇರುತ್ತದೆ, ಆಗ ಕರು ಹಿಡಿದುಕೊಳ್ಳಲು ನೀವು ನಿಲ್ಲಬೇಡಿ. ನೊರೆಹಾಲು ಕುಡಿಯುವ ಅಭ್ಯಾಸ ಬಿಡಿ. ನಮ್ಮ ಮನೆ ಹಸುವೇ ಆದರೂ ಹಾಲು ಉಕ್ಕಿ ಬರಲಿ.

ಹಕ್ಕಿ, ಮೀನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪಾರಿವಾಳದ ಗೂಡು ಸ್ವಚ್ಛ ಮಾಡಬೇಡಿ, ಒಣಗಿದ ಹಿಕ್ಕೆಯ ಧೂಳಿನಲ್ಲಿ ಮೆದುಳಿನ ಪೊರೆಗೆ ಕಾಯಿಲೆ ತರುವ ಫಂಗಸ್ ಇರುತ್ತದೆ. ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಆ ಪ್ರಶ್ನೆಯೇ ಬೇಡ. ಆಮೆ ಮತ್ತು ಜಾತ್ರೆಯಲ್ಲಿ ಮಾರುವ ಬಣ್ಣ ಬಳಿದ ಕೋಳಿಮರಿ ವಾಂತಿ ಭೇದಿಯ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ತರುತ್ತವೆ, ಈ ಎರಡನ್ನೂ ಮನೆಗೆ ತರಲೇಬೇಡಿ. ಮೀನಿನ ತೊಟ್ಟಿಯನ್ನು ಬೇರೆಯವರು ತೊಳೆಯಲಿ.

ಕಚ್ಚಿದರೆ? ಇಲ್ಲಿ ನಿಧಾನ ಮಾಡಬೇಡಿ. ಸಾಕಿದ್ದೇ ಇರಲಿ, ಬೀದಿಯದ್ದೇ ಇರಲಿ, ಹಲ್ಲು ತಾಗಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಅಂದಾಜಿನ 15 ನಿಮಿಷ ಮೂರೇ ನಿಮಿಷಕ್ಕೆ ಮುಗಿದುಹೋಗುತ್ತದೆ. ಅರಿಶಿನ, ಸುಣ್ಣ, ಮೆಣಸಿನ ಪುಡಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಮೊದಲ ಮಾತೇ "ನಾನು ಇಂಥ ಮಾತ್ರೆ ತಗೊಳ್ತಿದ್ದೀನಿ" ಅಂತ ಆಗಿರಬೇಕು. ರಕ್ತ ಬಾರದ ತರಚು ಗಾಯಕ್ಕೆ ಬೇರೆಯವರಿಗೆ ರೇಬೀಸ್ ಲಸಿಕೆ ಮಾತ್ರ ಸಾಕಾಗುತ್ತದೆ. ನಿಮಗೆ ಅದರ ಜೊತೆಗೆ ಸೀರಮ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು. ಲಸಿಕೆ ಕೊಟ್ಟರೂ ನಿಮ್ಮ ಮೈ ಸಾಕಷ್ಟು ಪ್ರತಿಕಾಯ ತಯಾರಿಸದೇ ಹೋಗಬಹುದು. ಹಿಂದೆ ಲಸಿಕೆ ಆಗಿದೆ ಎಂದು ಸುಮ್ಮನಿರಬೇಡಿ.

ಕಸಿಯಾದ ಮೊದಲ ಆರು ತಿಂಗಳು, ಕೀಮೋ ನಡೆಯುತ್ತಿರುವ ದಿನಗಳು, ಇವು ಬಹಳ ಸೂಕ್ಷ್ಮ. ಆಗ ಹೊಸ ಪ್ರಾಣಿ ಬೇಡ. ಇರುವ ಪ್ರಾಣಿ ಒಂದು ಕೋಣೆ ಆಚೆ ಇರಲಿ. ಅದಕ್ಕೆ ಹಸಿ ಮಾಂಸ, ಹಸಿ ಮೊಟ್ಟೆ ಬೇಡ, ಬೇಯಿಸಿದ್ದನ್ನೇ ಹಾಕಿ. ಮೂರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಕರಿಯನ ಮನೆಯಲ್ಲಿ ಇಷ್ಟನ್ನೂ ಆ ತಾಯಿಯ ಮಗ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ. ಸ್ನಾನ ಮಾಡಿಸುವುದು, ಉಣ್ಣೆ ತೆಗೆಯುವುದು, ಅಂಗಳ ಬಳಿಯುವುದು ಅವನ ಪಾಲು. ಊಟ ಹಾಕುವುದು ಅಮ್ಮನ ಪಾಲು. ಹಗ್ಗ ಹಿಡಿದು ಬಂದ ದಿನದಿಂದ ಆರು ತಿಂಗಳು ಕರಿಯ ಜಗಲಿಯಲ್ಲಿ, ಅಮ್ಮ ಹೊಸ್ತಿಲ ಒಳಗೆ ಕುರ್ಚಿಯಲ್ಲಿ. ಈ ಯುಗಾದಿ ಕಳೆದ ಮೇಲೆ ಲಸಿಕೆಗೆ ಬಂದಾಗ ಹಗ್ಗ ಅಮ್ಮನ ಕೈಯಲ್ಲಿತ್ತು. ಕರಿಯನ ತೂಕ ಎರಡು ಕೆಜಿ ಹೆಚ್ಚಾಗಿತ್ತು. ಊಟ ಹಾಕುವುದೊಂದೇ ಕೆಲಸ ನನಗೆ ಉಳಿದಿರುವುದು ಡಾಕ್ಟ್ರೇ, ಅದಕ್ಕೆ ಒಂದು ಮುದ್ದೆ ಜಾಸ್ತಿ ಹಾಕ್ತೀನಿ ಎಂದರು. ಅರ್ಧ ಮುದ್ದೆ ಕಡಿಮೆ ಮಾಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.