ಅಮ್ಮನಿಗೆ ಅರಳುಮರಳಾ, ಕಣ್ಣಿನ ಪೊರೆಯಾ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಊರಿನಲ್ಲೇ ಇದ್ದಾರೆ. ಆರು ತಿಂಗಳಿಂದ ಏನೋ ಬದಲಾಗಿದೆ. ಅಂಗಡಿಯಲ್ಲಿ ನೂರರ ನೋಟು ಅಂದುಕೊಂಡು ಐನೂರು ಕೊಟ್ಟು ಬರುತ್ತಾರೆ. ಎದುರು ಮನೆಯವರು ಕೈ ಬೀಸಿದರೂ ಗುರುತು ಹಿಡಿಯುವುದಿಲ್ಲ. ಟಿವಿ ಧಾರಾವಾಹಿ ಬಿಟ್ಟಿದ್ದಾರೆ, ಸುಮ್ನೆ ಕೂತಿರುತ್ತಾರೆ. ವಯಸ್ಸಾಯಿತು, ಅರಳುಮರಳು ಅಂತ ನೆಂಟರು ಹೇಳುತ್ತಾರೆ. ಕಣ್ಣಿಗೆ ಕ್ಯಾರೆಟ್ ಜ್ಯೂಸ್, ನೆನಪಿಗೆ ಒಂದೆಲಗ ಕೊಡುತ್ತಿದ್ದೇವೆ. ಇಷ್ಟು ಸಾಕಾ?

ಉತ್ತರ: ಸಾಲದು. ಕ್ಯಾರೆಟ್ಟಾಗಲಿ ಒಂದೆಲಗವಾಗಲಿ ಕೆಡುಕು ಮಾಡುವುದಿಲ್ಲ. ಆದರೆ ನೀವು ಬರೆದಿರುವ ತೊಂದರೆಗೆ ಅವು ಮದ್ದಲ್ಲ. ಮೊದಲು ಅಮ್ಮನ ಕಣ್ಣು ತೋರಿಸಿ. ನೆನಪಿನ ಮಾತು ಅದಾದ ಮೇಲೆ.

ವಯಸ್ಸಿನ ಬಗ್ಗೆ ನಮ್ಮಲ್ಲಿ ಎರಡು ಮಾತು ಬಳಕೆಯಲ್ಲಿವೆ. ನಲವತ್ತಕ್ಕೆ ಚಾಳೀಸು, ಅರವತ್ತಕ್ಕೆ ಅರಳುಮರಳು. ಮೊದಲನೆಯದು ನಿಜ. ಚಾಳೀಸು ಅನ್ನುವ ಪದವೇ ಹಿಂದಿ, ಮರಾಠಿಯ ನಲವತ್ತು. ಆ ವಯಸ್ಸಿನ ಹೊತ್ತಿಗೆ ಕಣ್ಣೊಳಗಿನ ಮಸೂರ ಬಿಗಿಯಾಗುತ್ತದೆ, ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯುತ್ತೇವೆ. ಎಲ್ಲರಿಗೂ ಬರುತ್ತದೆ. ಕನ್ನಡಕ ಹಾಕಿದರೆ ಮುಗಿಯಿತು.

ಎರಡನೆಯದು ಹಾಗಲ್ಲ. 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ನೆನಪು, ಯೋಚನೆ ಕುಂದುತ್ತಾ ಹೋಗುವ ಮೆದುಳಿನ ಕಾಯಿಲೆ) ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಇದು ಸಣ್ಣ ಸಂಖ್ಯೆಯಲ್ಲ. ಆದರೂ ನೂರರಲ್ಲಿ ತೊಂಬತ್ತೆರಡು ಹಿರಿಯರಿಗೆ ಆ ಕಾಯಿಲೆ ಇಲ್ಲ ಅಂತಾಯಿತು. ಅರವತ್ತಾದ ಮಾತ್ರಕ್ಕೆ ಅರಳುಮರಳು ಬರಲೇಬೇಕು ಅಂತ ಒಪ್ಪಿಕೊಂಡರೆ, ಸರಿಹೋಗಬಹುದಾದ ತೊಂದರೆಯನ್ನೂ ಹಾಗೇ ಬಿಟ್ಟುಬಿಡುತ್ತೇವೆ. ನನಗೆ ಈ ಗಾದೆಯ ಮೇಲೆ ಸಿಟ್ಟು ಇರುವುದು ಇದಕ್ಕೇ.

ಈಗ ನೀವು ಬರೆದ ಸಂಗತಿಗಳನ್ನೇ ನೋಡೋಣ. ಇವು ಕಣ್ಣಿನ ಪೊರೆಯಿಂದಲೂ ಆಗಬಹುದು. ಪೊರೆ ಬಂದ ಮಸೂರ ನಿಧಾನಕ್ಕೆ ಹಳದಿಯಾಗುತ್ತದೆ, ಆಮೇಲೆ ಕಂದು. ಕಾಫಿ ಬಣ್ಣದ ಗಾಜಿನ ಹಿಂದೆ ನಿಂತು ಲೋಕ ನೋಡಿದ ಹಾಗೆ. ನೀಲಿ, ನೇರಳೆ ಬಣ್ಣಗಳು ಮೊದಲು ಮಾಸುತ್ತವೆ. ಈಗಿನ ನೂರರ ನೋಟು ತಿಳಿ ನೇರಳೆ, ಐನೂರರದ್ದು ಬೂದು. ಬೆಳಕು ಕಮ್ಮಿ ಇರುವ ಅಂಗಡಿಯಲ್ಲಿ ಪೊರೆ ಬಂದ ಕಣ್ಣಿಗೆ ಎರಡೂ ಒಂದೇ ಥರ ಕಂಡರೆ ಆಶ್ಚರ್ಯವಿಲ್ಲ.

ಎದುರು ಮನೆಯವರ ವಿಷಯಕ್ಕೆ ಬಂದರೆ, ಅವರು ಕೈ ಬೀಸುವ ಬದಲು ಬಾಯಿ ಬಿಟ್ಟು ಕರೆದರೆ ಅಮ್ಮ ಗುರುತು ಹಿಡಿಯುತ್ತಾರಾ? ದನಿ ಕೇಳಿದ ಕೂಡಲೇ ಹೆಸರು ಹೇಳಿ, 'ಮಗಳ ಮದುವೆ ಎಲ್ಲಿಗೆ ಬಂತು' ಅಂತ ವಿಚಾರಿಸಿದರೆ, ತೊಂದರೆ ಹೆಚ್ಚಾಗಿ ಕಣ್ಣಿನದ್ದು. ದನಿ ಕೇಳಿಯೂ, ಹತ್ತಿರ ಕೂತು ಮಾತಾಡಿಯೂ ಯಾರು ಅಂತ ಹೊಳೆಯದಿದ್ದರೆ ಆಗ ನೆನಪಿನ ಕಡೆ ನೋಡಬೇಕು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಆದರೆ ವೈದ್ಯರಿಗೆ ಹೇಳಲು ಬಹಳ ಉಪಯೋಗದ ಮಾಹಿತಿ.

ನಮ್ಮ ದೊಡ್ಡಮ್ಮನ ವಿಷಯದಲ್ಲಿ ನಾವೇ ಈ ತಪ್ಪು ಮಾಡಿದ್ದೆವು. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುತ್ತಿದ್ದವರು. ಬರುಬರುತ್ತಾ ಎಳೆಗಳು ಎಲ್ಲೆಲ್ಲೋ ಹೋಗತೊಡಗಿದವು. ಕೊನೆಗೆ ಹಾಕುವುದನ್ನೇ ಬಿಟ್ಟರು. ಪಾಪ, ಮರೆತು ಹೋಗಿದೆ ಅಂದುಕೊಂಡು ಹೆಚ್ಚುಕಡಿಮೆ ಎರಡು ವರ್ಷ ಕಳೆದೆವು. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ಯಾರಿಗೂ ಹೇಳದೆ ಒಂದು ದಿನ ಹದಿನೈದು ಚುಕ್ಕಿಯ ರಂಗೋಲಿ ಹಾಕಿದರು. ಎಳೆ ಮರೆತಿರಲಿಲ್ಲ, ಚುಕ್ಕಿ ಕಾಣುತ್ತಿರಲಿಲ್ಲ. ಆ ಎರಡು ವರ್ಷ ಅವರು ಮೂಲೆಯಲ್ಲಿ ಸುಮ್ಮನೆ ಕೂತಿದ್ದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗೆ ಸುಮ್ಮನೆ ಕೂರುವುದರಲ್ಲೇ ಇನ್ನೊಂದು ಅಪಾಯ ಇದೆ. ರೆಟಿನಾ ಅಂದರೆ ಕಣ್ಣಿನ ಹಿಂಬದಿಯ ಪರದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಮೆದುಳಿನಿಂದಲೇ ಕವಲೊಡೆದು ಬರುವ ಭಾಗ ಅದು. ಮೆದುಳಿನ ದೊಡ್ಡ ಪಾಲು ನೋಟದ ಕೆಲಸಕ್ಕೇ ಮೀಸಲು. ಕಣ್ಣಿನಿಂದ ಸುದ್ದಿ ಬರುವುದು ನಿಂತರೆ ಆ ಭಾಗಕ್ಕೆ ಕೆಲಸ ಕಮ್ಮಿಯಾಗುತ್ತದೆ. ಬಿದ್ದೇನು ಎಂಬ ಭಯಕ್ಕೆ ನಡೆದಾಟ ನಿಲ್ಲುತ್ತದೆ, ಜನರ ಜೊತೆ ಬೆರೆಯುವುದೂ ನಿಲ್ಲುತ್ತದೆ. ಡಿಮೆನ್ಷಿಯಾ ಕುರಿತು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2024ರ ವರದಿಯಲ್ಲಿ, ನಾವು ಬದಲಿಸಬಹುದಾದ 14 ಅಪಾಯಗಳ ಪಟ್ಟಿ ಕೊಟ್ಟಿದೆ. ಚಿಕಿತ್ಸೆ ಪಡೆಯದ ದೃಷ್ಟಿದೋಷ ಅದರಲ್ಲಿ ಹೊಸದಾಗಿ ಸೇರಿತು. ಈ ಎಲ್ಲ ಅಪಾಯಗಳನ್ನು ನಿಭಾಯಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ ಆ ವರದಿ.

ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ ಮೂರು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೂ ಇದೆ. ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಷಿಯಾದ ಅಪಾಯ ಸುಮಾರು ಶೇ. 30 ಕಮ್ಮಿ ಕಂಡಿತು. ಗಟ್ಟಿಮುಟ್ಟಾಗಿರುವವರೇ ಆಪರೇಷನ್‌ಗೆ ಹೋಗುತ್ತಾರೆ, ಹಾಗಾಗಿ ಅವರಿಗೆ ಕಾಯಿಲೆ ಕಮ್ಮಿ ಇರಬಹುದಲ್ವಾ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಅದೇ ಅಧ್ಯಯನದಲ್ಲಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಆಪರೇಷನ್ ಮಾಡಿಸಿಕೊಂಡವರಲ್ಲಿ ಈ ಲಾಭ ಕಾಣಲಿಲ್ಲ. ಗ್ಲಾಕೋಮಾ ಆಪರೇಷನ್ ಇರುವ ದೃಷ್ಟಿಯನ್ನು ಉಳಿಸುತ್ತದೆ, ಹೋದದ್ದನ್ನು ತರುವುದಿಲ್ಲ. ಪೊರೆಯ ಆಪರೇಷನ್ ನೋಟವನ್ನು ಮರಳಿ ಕೊಡುತ್ತದೆ. ಆ ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ದೃಷ್ಟಿ ಬಹಳ ಕುಂದಿದ ಕೆಲವು ಹಿರಿಯರಿಗೆ ಅಂಗಳದಲ್ಲಿ ಪುಟ್ಟ ಮಕ್ಕಳು, ಗೋಡೆ ಮೇಲೆ ಹೂಬಳ್ಳಿ, ಬಣ್ಣಬಣ್ಣದ ಬಟ್ಟೆ ಉಟ್ಟ ಜನ ಕಾಣುತ್ತಾರೆ. ಅವರಿಂದ ಸದ್ದಿಲ್ಲ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಬೊನೆ 1760ರಲ್ಲಿ ತನ್ನ ಅಜ್ಜನಿಗೆ ಹೀಗಾಗಿದ್ದನ್ನು ಬರೆದಿಟ್ಟ. ಅವನ ಹೆಸರಿನಲ್ಲೇ ಇದನ್ನು ಚಾರ್ಲ್ಸ್ ಬೊನೆ ಸಿಂಡ್ರೋಮ್ ಅನ್ನುತ್ತಾರೆ. ಕಣ್ಣಿನಿಂದ ಚಿತ್ರ ಬಾರದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. 'ಅಲ್ಲಿ ಯಾರೂ ಇಲ್ಲ ಅಂತ ಗೊತ್ತು, ಆದರೂ ಕಾಣುತ್ತೆ' ಅಂತ ಸಾಮಾನ್ಯವಾಗಿ ಅವರೇ ಹೇಳುತ್ತಾರೆ. ಎಷ್ಟೋ ಮಂದಿ ಹೆದರಿ ಬಾಯಿ ಬಿಡುವುದಿಲ್ಲ. ಹಾಗಾಗಿ ಅಮ್ಮನನ್ನು ಮೆಲ್ಲಗೆ ಕೇಳಿ ನೋಡಿ. ಕಂಡದ್ದನ್ನೇ ನಿಜ ಅಂತ ನಂಬಿ ಅದರ ಜೊತೆ ವರ್ತಿಸುತ್ತಿದ್ದರೆ ಮಾತ್ರ ನರರೋಗ ತಜ್ಞರ ಹತ್ತಿರ ಬೇಗ ಹೋಗಬೇಕು.

ಇದರ ತಿರುವುಮುರುವೂ ಉಂಟು. ಕಣ್ಣು ಚೆನ್ನಾಗಿದೆ, ಕನ್ನಡಕ ಎರಡು ಮೂರು ಸಲ ಬದಲಿಸಿದರೂ ಸರಿ ಕಾಣುತ್ತಿಲ್ಲ. ಎದುರಿಗಿರುವ ಲೋಟ ಸಿಗುವುದಿಲ್ಲ, ಮೆಟ್ಟಿಲಿನ ಆಳ ತಿಳಿಯುವುದಿಲ್ಲ. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಝೈಮರ್ ಕಾಯಿಲೆಯ ಒಂದು ಬಗೆ ಹೀಗೆ ಮೆದುಳಿನ ಹಿಂಭಾಗದಿಂದ ಶುರುವಾಗುತ್ತದೆ. ಅಪರೂಪ. ಆದರೂ ಕಣ್ಣಿನ ಡಾಕ್ಟರು 'ಎಲ್ಲ ಸರಿ ಇದೆ' ಅಂದ ಮೇಲೂ ತೊಂದರೆ ಉಳಿದರೆ ಅಲ್ಲಿಗೇ ನಿಲ್ಲಿಸಬೇಡಿ.

ಮರೆವನ್ನು ಅಳೆಯುವುದು ಹೇಗೆ? ಸಾರಿಗೆ ಉಪ್ಪು ಹಾಕಲು ಒಂದು ದಿನ ಮರೆತರೆ ಚಿಂತೆ ಬೇಡ. ನಲವತ್ತು ವರ್ಷ ಮಾಡಿದ ಸಾರಿನ ಮುಂದೆ ನಿಂತು ಮುಂದೇನು ಅಂತ ತಿಳಿಯದೆ ತಬ್ಬಿಬ್ಬಾದರೆ ಗಮನ ಕೊಡಬೇಕು. ಆಗಲೂ ನೇರವಾಗಿ ಡಿಮೆನ್ಷಿಯಾ ಅನ್ನಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ, ಕಿವಿ ಮಂದವಾಗಿರುವುದು ಎಲ್ಲವೂ ಮರೆವಿನ ಹಾಗೇ ಕಾಣುತ್ತವೆ. ಸಸ್ಯಾಹಾರಿಗಳಾಗಿದ್ದರೆ ಬಿ12 ಖಂಡಿತ ನೋಡಿಸಿ. ಗೊಂದಲ ಒಂದೆರಡು ದಿನದಲ್ಲಿ ಧಿಡೀರ್ ಶುರುವಾದರೆ ಅದು ಮೂತ್ರದ ಸೋಂಕು ಇರಬಹುದು, ಬಿದ್ದು ತಲೆಗೆ ಪೆಟ್ಟಾಗಿರಬಹುದು. ಅದಕ್ಕೆ ಅವತ್ತೇ ಆಸ್ಪತ್ರೆ.

ಇನ್ನು ಮನೆ ಮದ್ದು. ಕ್ಯಾರೆಟ್‌ನಿಂದ ವಿಟಮಿನ್ ಎ ಸಿಗುತ್ತದೆ, ಅದರ ಕೊರತೆಯಾದರೆ ಇರುಳುಗಣ್ಣು ಬರುತ್ತದೆ. ಕೊರತೆ ಇಲ್ಲದವರಿಗೆ ಜಾಸ್ತಿ ಕುಡಿದರೆ ದೃಷ್ಟಿ ಜಾಸ್ತಿಯಾಗುವುದಿಲ್ಲ, ಪೊರೆಯಂತೂ ಕರಗುವುದಿಲ್ಲ. ಜ್ಯೂಸ್‌ಗಿಂತ ಹಿತ್ತಲಿನ ನುಗ್ಗೆ ಸೊಪ್ಪಿನ ಪಲ್ಯ ನನಗೆ ಇಷ್ಟ. ಒಗ್ಗರಣೆಯ ಎಣ್ಣೆ ಇದ್ದರೆ ಅದರ ಸತ್ವವೂ ಮೈಗೆ ಹತ್ತುತ್ತದೆ. ಒಂದೆಲಗದ ತಂಬುಳಿ ಮಾಡಿಕೊಡಿ, ಊಟಕ್ಕೆ ಚೆಂದ. ಅದು ಡಿಮೆನ್ಷಿಯಾ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನಂದಿಬಟ್ಟಲು ಹೂವನ್ನು ಮುಚ್ಚಿದ ರೆಪ್ಪೆ ಮೇಲೆ ಇಟ್ಟುಕೊಂಡರೆ ತಂಪು. ಅದರ ರಸ, ಜೇನು, ಹರಳೆಣ್ಣೆ, ಎದೆಹಾಲು ಇವನ್ನು ಕಣ್ಣೊಳಗೆ ಮಾತ್ರ ಬಿಡಬೇಡಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಹನಿಯೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದು ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ ಬರಬಹುದು.

ಕಣ್ಣು, ಮೆದುಳು ಎರಡನ್ನೂ ಕಾಪಾಡುವ ಸಹಜವಾದ ಅಭ್ಯಾಸ ಯಾವುದು ಅಂದರೆ, ಶುಗರ್ ಮತ್ತು ಬಿಪಿ ಹತೋಟಿಯಲ್ಲಿಡುವುದೇ ನನ್ನ ಮೊದಲ ಉತ್ತರ. ಕಣ್ಣಿನ, ಮೆದುಳಿನ ಸಣ್ಣ ರಕ್ತನಾಳಗಳನ್ನು ಅವೆರಡೂ ಸದ್ದಿಲ್ಲದೆ ಹಾಳು ಮಾಡುತ್ತವೆ. ಶುಗರ್ ಇದ್ದರೆ ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಬೇಕು. ದಿನಾ ನಡಿಗೆ, ಬೀಡಿ ಸಿಗರೇಟು ಬಿಡುವುದು, ಬಿಸಿಲಿಗೆ ಟೊಪ್ಪಿ, ಸೌದೆ ಒಲೆಯ ಹೊಗೆಯಿಂದ ದೂರ, ಇವು ಎಲ್ಲರಿಗೂ ಗೊತ್ತಿರುವಂಥವೇ. ಮಾತುಕತೆ ಮಾತ್ರ ನಾವು ಮರೆಯುವ ಔಷಧ. ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಜನರನ್ನು ನೋಡಿದ 2013ರ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೇ. ಅಮ್ಮ ಅಕ್ಕಪಕ್ಕದವರ ಜೊತೆ ತೆಲುಗೋ ತುಳುವೋ ಉರ್ದುವೋ ಆಡುತ್ತಿದ್ದರೆ ಅದು ನಿಲ್ಲದ ಹಾಗೆ ನೋಡಿಕೊಳ್ಳಿ.

ಪೊರೆಯ ಆಪರೇಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೆಂಗಳೂರಿಗೆ ಕರೆತರುವುದಾದರೆ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ, ನೆನಪಿನ ತೊಂದರೆಗೆ ನಿಮ್ಹಾನ್ಸ್ ಇದೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು. ಹಳೇ ಕನ್ನಡಕ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಜೊತೆಗಿರಲಿ. ನೆನಪಿನ ಪರೀಕ್ಷೆಯಲ್ಲಿ ಚಿತ್ರ ತೋರಿಸಿ ಕೇಳುತ್ತಾರೆ. ಅದಕ್ಕೇ ಕಣ್ಣಿನ ತಪಾಸಣೆ ಮೊದಲು ಮುಗಿದಿರಬೇಕು, ಇಲ್ಲದಿದ್ದರೆ ಕಾಣದ್ದನ್ನೂ ಮರೆತದ್ದು ಅಂತ ಬರೆದುಕೊಳ್ಳುತ್ತಾರೆ. ರೆಟಿನಾ ನೋಡಲು ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ. ನಾಲ್ಕೈದು ಗಂಟೆ ಮಂಜುಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಒಂದು ಛತ್ರಿ ಇಟ್ಟುಕೊಂಡು ನೀವೇ ಜೊತೆಗೆ ಹೋಗಿ.